ಟ್ರಂಕಿನೊಳಗಿನ ಪರಾಕ್ರಮ ಪದಕ

ಪ್ರಶ್ನೆ: ನನ್ನ ತಂದೆಯವರು 1999ರ ಕಾರ್ಗಿಲ್ ಯುದ್ಧದಲ್ಲಿ ಶೆಲ್ಲಿನ ಚೂರು ಬಡಿದು ಎಡಗಾಲಿಗೆ ಗಾಯಗೊಂಡವರು. ನಿವೃತ್ತರಾಗಿ ಊರಿಗೆ ಬಂದ ಮೇಲೆ ಅಡಿಕೆ ತೋಟ ನೋಡಿಕೊಂಡಿದ್ದಾರೆ. ತಮಗೆ ಸಿಕ್ಕಿದ ಪರಾಕ್ರಮ ಪದಕವನ್ನು ಅವರು ಟ್ರಂಕಿನಿಂದ ಹೊರತೆಗೆದದ್ದನ್ನು ನಾನು ಕಂಡಿಲ್ಲ. ಕಳೆದ ತಿಂಗಳು ಪೂಜೆಗೆ ಬಂದಿದ್ದ ಬಂಧುವೊಬ್ಬರು, "ಅದು ಗಾಯವಾದದ್ದಕ್ಕೆ ಕೊಟ್ಟದ್ದು, ಶೌರ್ಯಕ್ಕಲ್ಲವಲ್ಲ" ಎಂದರು. ಅಪ್ಪ ಮಾತಾಡದೆ ತೋಟಕ್ಕೆ ಹೋದರು. ಪದಕಕ್ಕೆ ಚೌಕಟ್ಟು ಹಾಕಿಸಿ ಚಾವಡಿಯಲ್ಲಿ ತೂಗುಹಾಕಬೇಕೆಂದು ನನಗೆ ಆಸೆ. ಹಾಗೆ ಮಾಡಬಹುದೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ನಿಮ್ಮ ಬಂಧುವಿನ ಮಾತಿನಲ್ಲಿ ಅರ್ಧ ಸತ್ಯವಿದೆ, ಅದಕ್ಕಾಗಿಯೇ ಅದು ಅಷ್ಟು ನೋಯಿಸಿದೆ. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರಗಳು ಯೋಧನೊಬ್ಬನ ಸಾಹಸವನ್ನು ಮೇಲಧಿಕಾರಿಗಳು ತೂಗಿ ನೋಡಿ, ಶಿಫಾರಸು ಮಾಡಿದ ಮೇಲೆ ದೊರೆಯುವಂಥವು. ಹೆಸರಿನಲ್ಲಿ ಪರಾಕ್ರಮವಿದ್ದರೂ ನಿಮ್ಮ ತಂದೆಯವರ ಪದಕ ಶತ್ರುವಿನ ನೇರ ದಾಳಿಯಲ್ಲಿ ಗಾಯಗೊಂಡವರಿಗೆ ಸಲ್ಲುವಂಥದ್ದು; ಮೊದಲು ಅದನ್ನು ಗಾಯದ ಪದಕವೆಂದೇ ಕರೆಯುತ್ತಿದ್ದರು. ಆದರೆ ಶೌರ್ಯದ ಅಳತೆಗೋಲಿನಿಂದ ಅಳೆಯಲಿಲ್ಲ ಎಂದ ಮಾತ್ರಕ್ಕೆ ಅದು ಕೆಳಗಿನ ಮೆಟ್ಟಿಲಿನದ್ದಾಗುವುದಿಲ್ಲ. ಒಬ್ಬ ಮನುಷ್ಯನ ಮೈ ದೇಶದ ಕೆಲಸದಲ್ಲಿ ಹರಿದುಹೋದದ್ದನ್ನು ಆ ದೇಶ ತನ್ನ ಕಡತದಲ್ಲಿ ಬರೆದುಕೊಂಡಿದೆ ಎಂಬುದಕ್ಕೆ ಅದು ಸಾಕ್ಷಿ.

ಅಮೆರಿಕದ ಪರ್ಪಲ್ ಹಾರ್ಟ್ ಪದಕದ ಚರಿತ್ರೆಯಲ್ಲಿಯೂ ಈ ಗೊಂದಲವಿತ್ತು. 1782ರಲ್ಲಿ ಜಾರ್ಜ್ ವಾಷಿಂಗ್ಟನ್ ಆರಂಭಿಸಿದ ಅರ್ಹತೆಯ ಲಾಂಛನವನ್ನು ಅವರ ಇನ್ನೂರನೆಯ ಜನ್ಮದಿನವಾದ 1932ರ ಫೆಬ್ರವರಿ 22ರಂದು ಈ ಹೆಸರಿನಲ್ಲಿ ಮತ್ತೆ ಜಾರಿಗೆ ತಂದಾಗ, ಉತ್ತಮ ಸೇವೆಗೂ ಗಾಯಕ್ಕೂ ಅದನ್ನೇ ಕೊಡುತ್ತಿದ್ದರು. 1942ರಲ್ಲಿ ಸೇವೆಯ ಗೌರವಕ್ಕೆ ಬೇರೆ ಪದಕ ಬಂದು, ಪರ್ಪಲ್ ಹಾರ್ಟ್ ಯುದ್ಧದಲ್ಲಿ ಗಾಯಗೊಂಡವರಿಗೆ ಮತ್ತು ಮಡಿದವರಿಗೆ ಮೀಸಲಾಯಿತು. ಅದು ಇಂದು ಅಲ್ಲಿನ ಮನೆಗಳಲ್ಲಿ ಅತ್ಯಂತ ಜೋಪಾನವಾಗಿ ಉಳಿಸಿಕೊಳ್ಳುವ ಪದಕಗಳಲ್ಲೊಂದು.

ಇನ್ನು ತಂದೆಯವರ ಮೌನ. ಆ ಶೆಲ್ಲು ಬಿದ್ದಾಗ ಪಕ್ಕದಲ್ಲಿ ಯಾರಿದ್ದರು, ಅವರಲ್ಲಿ ಯಾರು ಹಿಂದಿರುಗಿದರು ಎಂಬುದು ನಿಮಗೂ ನನಗೂ ಗೊತ್ತಿಲ್ಲ. ಮನೆಯವರಿಗೆ ಹೆಮ್ಮೆಯ ವಸ್ತುವಾಗಿ ಕಾಣುವ ಪದಕ ಅದನ್ನು ಪಡೆದವರಿಗೆ ಒಂದು ದಿನದ, ಒಂದು ಗಳಿಗೆಯ ನೆನಪಾಗಿರಬಹುದು. ಹಾಗಾಗಿ ಅವರು ತೋಟದಲ್ಲಿರುವಾಗ ಚೌಕಟ್ಟು ಹಾಕಿಸಿ, ಸಂಜೆ ಬಂದಾಗ ಬೆರಗುಗೊಳಿಸುವ ಯೋಚನೆ ದಯವಿಟ್ಟು ಬೇಡ, ಅವರನ್ನೇ ಕೇಳಿ. ಬೇಡವೆಂದರೆ ಪದಕ ಟ್ರಂಕಿನಲ್ಲಿಯೇ ಇರಲಿ, ಅಲ್ಲಿಯೂ ಅದರ ಗೌರವಕ್ಕೆ ಕುಂದಿಲ್ಲ. ಒಪ್ಪಿದರೆ, ದೀಪಗಳನ್ನು ಬೆಳಗುವಂತೆ ಹುಣಸೆಹುಳಿ ಹಾಕಿ ಅದನ್ನು ಉಜ್ಜಬೇಡಿ; ಅಂಚಿನಲ್ಲಿ ಕೆತ್ತಿದ ಸೇವಾ ಸಂಖ್ಯೆ ಮತ್ತು ಹೆಸರು ಸವೆಯಬಾರದು.

ನಿಮ್ಮ ಪತ್ರದಲ್ಲಿ ತಾಯಿಯವರ ಮಾತೇ ಇಲ್ಲ. ಗಾಯದ ಸುದ್ದಿ ಮನೆಗೆ ಹೇಗೆ ತಲುಪಿತು, ತಂದೆಯವರು ಮತ್ತೆ ನಡೆಯುವುದನ್ನು ಕಾಣುವವರೆಗಿನ ದಿನಗಳನ್ನು ತಾಯಿಯವರು ಹೇಗೆ ಕಳೆದರು ಎಂಬುದನ್ನು ಬಿಡುವಾದಾಗ ಅವರ ಬಳಿ ಕುಳಿತು ಕೇಳಿ, ಬರೆದಿಟ್ಟುಕೊಳ್ಳಿ. ಆ ಬರಹ ಪದಕದ ಜೊತೆಯಲ್ಲಿಯೇ ಇರಲಿ.