ಕೂತರೆ ಪಂಚೆ ಅಂಟುವ ಬೆಂಚು

ಪ್ರಶ್ನೆ: ತೋಟದ ಸಿಲ್ವರ್ ಓಕ್ ಹಲಗೆಯಿಂದ ನಾನೇ ಬೆಂಚು, ಊಟದ ಮೇಜು ಮಾಡಿ ಹಸಿರು ಎನಾಮಲ್ ಬಳಿದೆ. ಮಳೆಗಾಲದಲ್ಲಿ ಕೂತರೆ ಪಂಚೆ ಅಂಟುತ್ತದೆ. ಕಾಲಿನ ಬುಡದಲ್ಲಿ ಬಣ್ಣ ಸಿಪ್ಪೆಯೇಳುತ್ತಿದೆ. ಏನು ಮಾಡಲಿ?
– ಓದುಗರೊಬ್ಬರು, ಮೂಡಿಗೆರೆ

ಉತ್ತರ: ಬಣ್ಣಕ್ಕೆ ಸೀಮೆಎಣ್ಣೆ ಬೆರೆಸಿದಿರಾ? ಇಲ್ಲವೆಂದರೆ ದಪ್ಪಗೆ ಒಂದೇ ಕೋಟ್ ಹೊಡೆದಿದ್ದೀರಿ. ನಾನೂ ಮೊದಲ ಸ್ಟೂಲಿಗೆ ಹಾಗೇ ಮಾಡಿ, ಅಮ್ಮನ ಸೀರೆಗೆ ಹಸಿರು ಅಂಚು ಕೊಟ್ಟವನು! ಮೇಲ್ಪದರ ಒಣಗಿ ಒಳಗೆ ಹಸಿಯೇ ಉಳಿಯುತ್ತದೆ.

ಅಂಟುವ ಬಣ್ಣವನ್ನು ಪೂರ್ತಿ ಕೆರೆದು ತೆಗೆಯಿರಿ. ಹಸಿ ಹಲಗೆಗೆ ಯಾವ ಬಣ್ಣವೂ ನಿಲ್ಲದು, ಆದ್ದರಿಂದ ಈ ಕೆಲಸ ಜನವರಿ ಬಿಸಿಲಿಗಿರಲಿ. 120 ನಂಬರ್ ಉಪ್ಪುಕಾಗದದಿಂದ ಮರದ ಎಳೆಗಳ ದಿಕ್ಕಿನಲ್ಲೇ ಉಜ್ಜಿ, ವುಡ್ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳಪದರ) ಹಚ್ಚಿ. ಒಣಗಿದ ಮೇಲೆ 220ರಿಂದ ಹಗುರಾಗಿ ಉಜ್ಜಿ, ಎನಾಮಲನ್ನು ಟರ್ಪಂಟೈನ್‌ನಲ್ಲಿ ತುಸು ತೆಳು ಮಾಡಿ ಎರಡು ಕೋಟ್ ಕೊಡಿ. ನಡುವೆ ಒಂದು ದಿನ ಬಿಡಿ. ಕೈಗೆ ಅಂಟದಿದ್ದರೂ ವಾರವಿಡೀ ಯಾರನ್ನೂ ಕೂರಿಸಬೇಡಿ.

ಕಾಲಿನ ಸಿಪ್ಪೆಗೆ ಕಾರಣ ಬೇರೆ. ಬೆಂಚನ್ನು ಬೋರಲು ಹಾಕಿ ನೋಡಿ, ಕಾಲಿನ ತಳಕ್ಕೆ ಬಣ್ಣವೇ ಬಿದ್ದಿರುವುದಿಲ್ಲ. ನೆಲ ಒರೆಸಿದ ನೀರನ್ನು ಮರದ ಎಳೆಗಳು ಅಲ್ಲಿಂದಲೇ ಬತ್ತಿಯಂತೆ ಹೀರುತ್ತವೆ. ತಳಕ್ಕೆ ಮೂರು ಸಲ ಪ್ರೈಮರ್ ಕುಡಿಸಿ, ರಬ್ಬರ್ ಬುಷ್ ಹಾಕಿ.

ಮೇಜಿನ ಮೇಲ್ಭಾಗಕ್ಕೆ ಮಾತ್ರ ಎನಾಮಲ್ ಬೇಡ, ಬಿಸಿ ಪಾತ್ರೆ ಇಟ್ಟರೆ ಕಲೆ ಉಳಿಯುತ್ತದೆ. ಹಾರ್ಡನರ್ (ಗಟ್ಟಿಗೊಳಿಸುವ ದ್ರವ) ಬೆರೆಸುವ ಪಿಯು, ಅಂದರೆ ಪಾಲಿಯುರೆಥೇನ್ ಪೇಂಟ್ ದುಬಾರಿ, ಆದರೆ ಗಟ್ಟಿ. ಡಬ್ಬಿಯ ಮೇಲಿನ ಅಳತೆಯಲ್ಲೇ, ಆ ಹೊತ್ತಿಗೆ ಬೇಕಾದಷ್ಟೇ ಕಲಸಿ. ಕಿಟಕಿ ತೆರೆದಿರಲಿ, ಮುಖಕ್ಕೆ ಸರಿಯಾದ ಮಾಸ್ಕ್ ಇರಲಿ.