ಹಾಡುವವರ ಬಾಯಲ್ಲಿ ತೂಗಿ ನೋಡಿ

ಓದುಗರ ಪತ್ರ: ಕಳೆದ ಸಂಚಿಕೆಯಲ್ಲಿ ಅಮೆರಿಕದ ಭಕ್ತಿಗೀತೆಗಳ ರಚನಕಾರ್ತಿ ಫ್ಯಾನಿ ಕ್ರಾಸ್ಬಿ ಬಗ್ಗೆ ಆರು ಪುಟದ ಲೇಖನ ಹಾಕಿದ್ದೀರಿ. ಎಂಟು ಸಾವಿರ ಹಾಡು ಬರೆದವರನ್ನು ಕವಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಓದಿ ನೋಡಿದೆ, ಎಲ್ಲವೂ ಒಂದೇ ಥರ, ಮಾತು ಸಪ್ಪೆ. ಕಣ್ಣಿಲ್ಲದ ಹೆಣ್ಣುಮಗಳು ಎಂಬ ಕನಿಕರದಿಂದ ಅವರಿಗೆ ಹೆಸರು ಬಂತು, ಮಿಕ್ಕಿದ್ದನ್ನು ರಾಗ ಮಾಡಿತು. ಸಾಹಿತ್ಯ ಪತ್ರಿಕೆಯಲ್ಲಿ ಇವರಿಗೆ ಇಷ್ಟು ಜಾಗ ಬೇಕಿತ್ತೇ?

ಸಂಪಾದಕರ ಉತ್ತರ:

ಪತ್ರ ಓದಿ ನನಗೆ ಮೊದಲು ಆದದ್ದು ಸಂತೋಷ. ಹಾಡಿನಲ್ಲಿ ರಾಗವನ್ನು ಬದಿಗಿಟ್ಟು ಮಾತನ್ನಷ್ಟೇ ಓದಿ ನೋಡುವವರು ತುಂಬ ಕಡಿಮೆ. ನೀವು ಆ ಕಷ್ಟ ತೆಗೆದುಕೊಂಡಿದ್ದೀರಿ. ಆದರೆ ಓದಿದಿರಿ, ಹಾಡಲಿಲ್ಲ. ನನ್ನ ತಕರಾರು ಇರುವುದೇ ಅಲ್ಲಿ.

ನಿಮ್ಮ ಮಾತಿನಲ್ಲಿ ಹುರುಳಿದೆ, ಇಲ್ಲ ಅನ್ನುವುದಿಲ್ಲ. ಎಂಟು ಸಾವಿರವೂ ಚೆನ್ನಾಗಿರಲು ಸಾಧ್ಯವಿಲ್ಲ. ಬಿಗ್ಲೋ ಅಂಡ್ ಮೇನ್ ಎಂಬ ಪ್ರಕಾಶಕರ ಜೊತೆ ವಾರಕ್ಕೆ ಮೂರು ಹಾಡು ಕೊಡುವ ಒಪ್ಪಂದ ಅವರಿಗೆ ವರ್ಷಗಟ್ಟಲೆ ಇತ್ತು. ಹಾಗೆ ಬರೆದಾಗ ಹೇಳಿದ್ದೇ ಮತ್ತೆ ಬರುತ್ತದೆ. ನಿಮ್ಮ ಅಭಿಪ್ರಾಯಕ್ಕೆ ದೊಡ್ಡ ಬೆಂಬಲವೂ ಇದೆ. 1892ರಲ್ಲಿ ಇಂಗ್ಲೆಂಡಿನ ಪಾದ್ರಿ ಜಾನ್ ಜೂಲಿಯನ್ ಭಕ್ತಿಗೀತೆಗಳ ಬೃಹತ್ ಕೋಶವೊಂದನ್ನು ತಂದರು. ಕೆಲವನ್ನು ಬಿಟ್ಟರೆ ಕ್ರಾಸ್ಬಿಯ ಹಾಡುಗಳು ಬಹಳ ದುರ್ಬಲ, ಸರಳತೆ ಮತ್ತು ಪ್ರಾಮಾಣಿಕತೆಯೇ ಅವುಗಳ ಗುಣ, ಜನಪ್ರಿಯತೆ ಬಂದದ್ದು ಹೆಚ್ಚಾಗಿ ರಾಗದಿಂದ ಎಂಬ ತೀರ್ಪು ಅದರಲ್ಲಿದೆ. ನೀವು ಹೇಳಿದ್ದೂ ಬಹುಪಾಲು ಅದೇ.

ಆ ಕೋಶ ಈಗ ಸಂಶೋಧಕರ ಕಪಾಟಿನಲ್ಲಿದೆ. ಆ ಹಾಡುಗಳನ್ನು ಜನ ಈಗಲೂ ಹಾಡುತ್ತಿದ್ದಾರೆ. ಇದನ್ನು ಸುಮ್ನೆ ಕಾಕತಾಳೀಯ ಎಂದು ತಳ್ಳಿಹಾಕಲು ಆಗುತ್ತದೆಯೇ?

ಒಂದೇ ಒಂದು ಹಾಡನ್ನು ಹತ್ತಿರದಿಂದ ನೋಡೋಣ. 'ಪಾಸ್ ಮಿ ನಾಟ್, ಓ ಜೆಂಟಲ್ ಸೇವಿಯರ್', 1868ರದ್ದು. ಕ್ರಾಸ್ಬಿ ಸೆರೆಮನೆಯೊಂದಕ್ಕೆ ಹೋಗಿದ್ದಾಗ ಕೈದಿಯೊಬ್ಬ 'ದೇವರೇ, ನನ್ನನ್ನು ದಾಟಿ ಹೋಗಬೇಡ' ಎಂದು ಕೂಗಿದನಂತೆ. ಆ ಕೂಗಿನಿಂದಲೇ ಹಾಡು ಹುಟ್ಟಿತು ಎಂದು ಅವರ ಜೀವನಚರಿತ್ರೆಗಳು ಹೇಳುತ್ತವೆ. ಮೊದಲ ಸಾಲಿನಲ್ಲಿ ಎಂಟು ಅಕ್ಷರ, ಎರಡನೆಯದರಲ್ಲಿ ಐದು. ಮತ್ತೆ ಎಂಟು, ಮತ್ತೆ ಐದು. ಮೊದಲ ಚರಣದಲ್ಲಿ ಎರಡು ಅಕ್ಷರಕ್ಕಿಂತ ಉದ್ದದ ಪದವೇ ಇಲ್ಲ. ಐದಕ್ಷರದ ಸಾಲಿನಲ್ಲಿ ಅಲಂಕಾರಕ್ಕೆ ಜಾಗ ಎಲ್ಲಿದೆ ಹೇಳಿ? ಒಂದು ಬೇಡಿಕೆ ಇಡಬಹುದು, ಉಸಿರು ತೆಗೆದುಕೊಳ್ಳಬಹುದು, ಅಷ್ಟೇ. ಆಮೇಲೆ ಪಲ್ಲವಿ ಬರುತ್ತದೆ. ರಕ್ಷಕನನ್ನು, ಅಂದರೆ ಯೇಸುವನ್ನು, ಎರಡು ಸಲ ಕರೆದು, ಅದೇ ಮೊರೆಯನ್ನು ಮತ್ತೆ ಇಡುತ್ತದೆ. ಅಕ್ಷರ ಬಾರದವನು ಕೂಡ ಎರಡನೇ ಚರಣದ ಹೊತ್ತಿಗೆ ಪಲ್ಲವಿಗೆ ದನಿ ಸೇರಿಸಬಲ್ಲ.

ಇದನ್ನು ನೀವು 'ಒಂದೇ ಥರ' ಅಂದಿರಿ. ಇದು ಲೆಕ್ಕ ಹಾಕಿ ಮಾಡಿದ ಕೆಲಸ. ಕೈಯಲ್ಲಿ ಪುಸ್ತಕವಿಲ್ಲದ, ಇದ್ದರೂ ಓದಲು ಬಾರದ ಜನ ಹಾಡಬೇಕಿತ್ತು. ಕ್ರಾಸ್ಬಿ ಆ ಜನರ ನಡುವೆಯೇ ಇದ್ದರು. ಮ್ಯಾನ್‌ಹಟನ್‌ನ ಬಡವರ ಇಕ್ಕಟ್ಟಿನ ವಠಾರಗಳಲ್ಲಿ ಬಾಡಿಗೆಗಿದ್ದರು. ಕುಡಿತಕ್ಕೆ ಬಿದ್ದವರು, ಮನೆ ಕಳೆದುಕೊಂಡವರು ಬಂದು ಸೇರುತ್ತಿದ್ದ ಬವೆರಿ ಮತ್ತು ವಾಟರ್ ಸ್ಟ್ರೀಟ್ ಮಿಷನ್‌ಗಳಿಗೆ ಹೋಗಿ ಅವರ ಪಕ್ಕ ಕೂತು ಮಾತಾಡುತ್ತಿದ್ದರು. 'ರೆಸ್ಕ್ಯೂ ದ ಪೆರಿಶಿಂಗ್' ಎಂಬ 1869ರ ಹಾಡು ಅಂಥದೇ ಒಂದು ಸಂಜೆಯ ಫಲ. ಕಾಲೇಜಿನ ತರಗತಿಯನ್ನು ಕಣ್ಣ ಮುಂದಿಟ್ಟುಕೊಂಡು ಅವರು ಬರೆಯಲಿಲ್ಲ.

ಬೇರೆ ರೀತಿ ಬರೆಯಲು ಬರುತ್ತಿರಲಿಲ್ಲವಾ? ಚೆನ್ನಾಗಿಯೇ ಬರುತ್ತಿತ್ತು. ನ್ಯೂಯಾರ್ಕಿನ ಅಂಧರ ಶಾಲೆಗೆ 1835ರಲ್ಲಿ ವಿದ್ಯಾರ್ಥಿನಿಯಾಗಿ ಸೇರಿದವರು, ಮುಂದೆ ಅಲ್ಲೇ ವ್ಯಾಕರಣ, ಅಲಂಕಾರಶಾಸ್ತ್ರ, ಇತಿಹಾಸ ಕಲಿಸಿದರು. ಅಲಂಕಾರಶಾಸ್ತ್ರದ ಮೇಷ್ಟ್ರು ಸ್ವಾಮಿ! 1844ರಲ್ಲೇ 'ದ ಬ್ಲೈಂಡ್ ಗರ್ಲ್ ಅಂಡ್ ಅದರ್ ಪೊಯಮ್ಸ್' ಎಂಬ ಸಂಕಲನ ತಂದಿದ್ದರು. ವಾಷಿಂಗ್ಟನ್ನಿನಲ್ಲಿ ಕಾಂಗ್ರೆಸ್ ಸದಸ್ಯರ ಮುಂದೆ ತಮ್ಮ ಕವಿತೆ ಓದಿದ್ದರು. ಭಕ್ತಿಗೀತೆಗೆ ಅವರು ಕೈಹಾಕಿದ್ದು 1864ರಲ್ಲಿ, ವಿಲಿಯಂ ಬ್ರಾಡ್‌ಬರಿ ಎಂಬ ಸಂಗೀತಗಾರರ ಭೇಟಿಯಾದ ಮೇಲೆ. ಆಗ ಅವರಿಗೆ ಹತ್ತಿರ ಹತ್ತಿರ 44 ವರ್ಷ. ಅಂದರೆ ಸರಳತೆ ಅವರಿಗೆ ಗತಿಯಿಲ್ಲದೆ ಬಂದದ್ದಲ್ಲ. ಬಲ್ಲವರು ಬೇಕೆಂದೇ ಆರಿಸಿಕೊಂಡದ್ದು.

ಅವರು ಬರೆಯುತ್ತಿದ್ದ ಬಗೆಯೂ ಗಮನಿಸುವಂಥದ್ದು. ಇಡೀ ಹಾಡು ಮನಸ್ಸಿನಲ್ಲೇ ಆಗಬೇಕು. ಅಲ್ಲೇ ತಿದ್ದಬೇಕು, ಅಲ್ಲೇ ಹೊಡೆದುಹಾಕಬೇಕು. ಮುಗಿದ ಮೇಲೆ ಯಾರಾದರೂ ಸಿಕ್ಕಾಗ ಹೇಳಿ ಬರೆಸಬೇಕು. ಒಮ್ಮೊಮ್ಮೆ ನಲವತ್ತು ಹಾಡುಗಳನ್ನು ತಲೆಯಲ್ಲಿಟ್ಟುಕೊಂಡು ಆಮೇಲೆ ಬರೆಸಿದ್ದುಂಟು. ಕಟ್ಟುವಾಗ ಕೈಯಲ್ಲಿ ಸಣ್ಣ ಪುಸ್ತಕವೊಂದನ್ನು ಮುಖಕ್ಕೆ ಹಿಡಿದುಕೊಳ್ಳುವುದು ಅವರ ರೂಢಿ. ಈ ನೆನಪಿನ ಬಲ ಬಾಲ್ಯದ ಅಭ್ಯಾಸದಿಂದ ಬಂದದ್ದು. ವಾರಕ್ಕೆ ಬೈಬಲ್ಲಿನ ಐದು ಅಧ್ಯಾಯ ಬಾಯಿಪಾಠ. ಹಾಗೆ ಮಾಡಿ ಮಾಡಿ ಮೊದಲ ಐದು ಗ್ರಂಥಗಳು, ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳು, ಜ್ಞಾನೋಕ್ತಿಗಳು, ಎಷ್ಟೋ ಕೀರ್ತನೆಗಳು ಅವರ ನಾಲಿಗೆಯ ಮೇಲಿದ್ದವು. ನೀವು ಸಪ್ಪೆ ಎಂದ ಸಾಲುಗಳನ್ನು ಬೈಬಲ್ ಪಕ್ಕಕ್ಕಿಟ್ಟುಕೊಂಡು ಒಮ್ಮೆ ಓದಿ. ಒಂದೊಂದು ಪದದ ಹಿಂದೆಯೂ ಒಂದು ವಚನ ಕಾಣುತ್ತದೆ.

ಇನ್ನು ರಾಗದ ವಿಷಯ. ರಾಗದಿಂದ ಹಾಡು ಗೆದ್ದಿತು ಎನ್ನುವವರು ಕ್ರಾಸ್ಬಿಯ ಮಟ್ಟಿಗೆ ಒಂದು ಸಂಗತಿ ಮರೆಯುತ್ತಾರೆ. ಎಷ್ಟೋ ಸಲ ರಾಗ ಮೊದಲು ಬಂತು, ಮಾತು ಆಮೇಲೆ. 1868ರಲ್ಲಿ ಸಂಗೀತಗಾರ ಡಬ್ಲ್ಯು. ಎಚ್. ಡೋನ್ ಅವಸರದಲ್ಲಿ ಕ್ರಾಸ್ಬಿಯ ಮನೆಗೆ ಬಂದರು. ಸಿನ್ಸಿನಾಟಿಯ ರೈಲಿಗೆ ಇನ್ನು 40 ನಿಮಿಷ ಇತ್ತು. ಹೊಸ ರಾಗವನ್ನು ಗುನುಗಿ ತೋರಿಸಿದರು. ಈಕೆ ಒಳಕೋಣೆಗೆ ಹೋದರು. ಅರ್ಧ ಗಂಟೆಯಲ್ಲಿ 'ಸೇಫ್ ಇನ್ ದಿ ಆರ್ಮ್ಸ್ ಆಫ್ ಜೀಸಸ್' ಪೂರ್ತಿ ತಯಾರು. ಡೋನ್‌ಗೆ ರೈಲೂ ಸಿಕ್ಕಿತು. 1885ರಲ್ಲಿ ಮಾಜಿ ಅಧ್ಯಕ್ಷ ಗ್ರಾಂಟ್ ಅವರ ಶವಸಂಸ್ಕಾರದಲ್ಲಿ ನುಡಿಸಿದ್ದು ಇದೇ ಹಾಡು. 1873ರಲ್ಲಿ ಗೆಳತಿ ಫೀಬಿ ನ್ಯಾಪ್ ತಾವು ಕಟ್ಟಿದ ರಾಗ ನುಡಿಸಿ, 'ಇದು ಏನು ಹೇಳುತ್ತಿದೆ?' ಎಂದು ಕೇಳಿದರು. ಕ್ರಾಸ್ಬಿ ಕೇಳಿಸಿಕೊಂಡು, 'ಬ್ಲೆಸ್ಡ್ ಅಶ್ಯೂರೆನ್ಸ್' ಎಂದು ಶುರುವಾಗುವ ಸಾಲು ಹೇಳಿದರು. ಹಾಡು ಅಲ್ಲಿಂದ ಬೆಳೆಯಿತು.

ಬೇರೊಬ್ಬರ ರಾಗಕ್ಕೆ ಮಾತು ಕೂಡಿಸುವುದು ಏನೆಂದು ಗೊತ್ತಿರುವವರು ಇದನ್ನು ಹಗುರವಾಗಿ ನೋಡಲಾರರು. ರಾಗ ಎಲ್ಲಿ ಎಳೆಯುತ್ತದೋ ಅಲ್ಲಿ ದೀರ್ಘ ಸ್ವರ ಬೇಕು. ಎಲ್ಲಿ ಮೇಲೆ ಹತ್ತುತ್ತದೋ ಅಲ್ಲಿ ಅರ್ಥವೂ ಹತ್ತಬೇಕು. ಬಾಯಿ ತೆರೆದು ಹಾಡಬೇಕಾದ ಕಡೆ ಒತ್ತಕ್ಷರ ಬಿದ್ದರೆ ಗಂಟಲು ಕಟ್ಟಿದಂತಾಗುತ್ತದೆ. ಒಳ್ಳೊಳ್ಳೆ ಕವಿಗಳ ಕವಿತೆಗಳನ್ನು ಹಾಡಲು ಹೋಗಿ ಸಾಲಿನ ನಡುವೆ ಉಸಿರು ಸಿಕ್ಕದೆ ಒದ್ದಾಡಿದವರನ್ನು ನಾನು ಕೇಳಿದ್ದೇನೆ, ನೀವೂ ಕೇಳಿರುತ್ತೀರಿ. ಹಾಳೆಯ ಮೇಲೆ ಶ್ರೀಮಂತವಾಗಿ ಕಾಣುವ ಸಾಲು ಬಾಯಿಗೆ ಬಂದಾಗ ಭಾರವಾಗಬಹುದು. ಹಾಡಿಗಾಗಿ ಬರೆದದ್ದನ್ನು ಹಾಡುವವರ ಬಾಯಲ್ಲೇ ತೂಗಬೇಕು. ಇದು ನನ್ನ ಬಹುಕಾಲದ ನಂಬಿಕೆ. ಇದನ್ನು ಒಪ್ಪದ ವಿಮರ್ಶಕರ ಜೊತೆ ನನ್ನ ಜಗಳವೂ ಅಷ್ಟೇ ಹಳೆಯದು.

ನಿಮ್ಮ ಪತ್ರದಲ್ಲಿ ನನಗೆ ನಿಜವಾಗಿ ನೋವಾದದ್ದು ಕನಿಕರದ ಮಾತಿಗೆ. ಕೂಸಿಗೆ ಆರು ವಾರವಿದ್ದಾಗ ಕಣ್ಣು ಉರಿಬಂತು. ವೈದ್ಯ ಎಂದು ಹೇಳಿಕೊಂಡು ಬಂದ ಒಬ್ಬಾತ ಬಿಸಿ ಪಟ್ಟು ಹಾಕಿದ, ಅದರಿಂದಲೇ ದೃಷ್ಟಿ ಹೋಯಿತು ಎಂದು ಮನೆಯವರು ನಂಬಿದ್ದರು. ಹುಟ್ಟಿದ ವರ್ಷವೇ, 1820ರಲ್ಲೇ, ತಂದೆ ತೀರಿಕೊಂಡರು. ತಾಯಿ ಮನೆಗೆಲಸಕ್ಕೆ ಹೋದರು, ಅಜ್ಜಿ ಬೆಳೆಸಿದರು. ಅಳಿಸುವ ಕಥೆಗೆ ಬೇಕಾದ್ದೆಲ್ಲ ಇದರಲ್ಲಿದೆ, ನಿಜ. ಆದರೆ ಆ ಹುಡುಗಿ ಎಂಟು ವರ್ಷಕ್ಕೇ ಕಟ್ಟಿದ ಪದ್ಯದ ಧಾಟಿ 'ಕಣ್ಣಿಲ್ಲದಿದ್ದರೂ ನಾನೆಷ್ಟು ಸುಖಿ' ಎಂಬಂಥದ್ದು. ದೊಡ್ಡವರಾದ ಮೇಲೆ ಪಾದ್ರಿಯೊಬ್ಬರು 'ದೇವರು ನಿಮಗೆ ಕಣ್ಣೊಂದನ್ನು ಕೊಡಲಿಲ್ಲವಲ್ಲ' ಎಂದು ಮರುಗಿದಾಗ, ಹುಟ್ಟುವಾಗ ವರ ಕೇಳಬಹುದಿದ್ದರೆ ಕುರುಡಿಯಾಗಿಯೇ ಹುಟ್ಟಿಸು ಎನ್ನುತ್ತಿದ್ದೆ, ಆಗ ನಾನು ನೋಡುವ ಮೊದಲ ಮುಖ ನನ್ನ ರಕ್ಷಕನದೇ ಆಗಿರುತ್ತದೆ ಎಂದರಂತೆ. ಕನಿಕರವನ್ನು ಬಾಗಿಲಲ್ಲೇ ನಿಲ್ಲಿಸಿದ ಹೆಂಗಸು ಆಕೆ.

ಕನಿಕರದಿಂದ ಹೆಸರು ಬಂತು ಅನ್ನುತ್ತೀರಲ್ಲ, ಯಾವ ಹೆಸರು? ಅವರು ಸುಮಾರು ಇನ್ನೂರು ಬೇರೆ ಬೇರೆ ಹೆಸರುಗಳಲ್ಲಿ ಬರೆದರು. ಪುಸ್ತಕದ ತುಂಬ ಒಬ್ಬರದೇ ಹೆಸರಿದ್ದರೆ ಚೆನ್ನಾಗಿರುವುದಿಲ್ಲ ಎಂಬುದು ಪ್ರಕಾಶಕರ ಲೆಕ್ಕ. ನಮ್ಮ ದಾಸರ ಅಂಕಿತ ನೋಡಿ ಬೆಳೆದವರಿಗೆ ಇದು ವಿಚಿತ್ರವೆನಿಸುತ್ತದೆ. ಅಲ್ಲಿ ಕೊನೆಯ ಚರಣ ಬಂದರೆ ಹಾಡು ಯಾರದೆಂದು ಗೊತ್ತಾಗುತ್ತದೆ. ಇಲ್ಲಿ ಪುಟಕ್ಕೊಂದು ಸುಳ್ಳು ಹೆಸರು. ಬರೆದವರು ಯಾರೆಂದೇ ತಿಳಿಯದ ಜನ ಆ ಹಾಡುಗಳನ್ನು ಎತ್ತಿಕೊಂಡರು. ಗೊತ್ತೇ ಇಲ್ಲದವರ ಮೇಲೆ ಕನಿಕರ ಹುಟ್ಟುವುದಾದರೂ ಹೇಗೆ? 'ಟು ಗಾಡ್ ಬಿ ದ ಗ್ಲೋರಿ' ಅಚ್ಚಾದದ್ದು 1875ರಲ್ಲಿ. ಅಮೆರಿಕದಲ್ಲಿ ಅದು ಬಹುತೇಕ ಮರೆತೇ ಹೋಗಿತ್ತು. 1954ರಲ್ಲಿ ಅಮೆರಿಕದ ಧರ್ಮಪ್ರಚಾರಕ ಬಿಲ್ಲಿ ಗ್ರಹಾಂ ಲಂಡನ್ನಿನ ಹ್ಯಾರಿಂಗೇಯಲ್ಲಿ ನಡೆಸಿದ ಸಭೆಗಳಲ್ಲಿ ಜನ ಅದನ್ನು ಹಾಡಿದ ಮೇಲೆ ತಿರುಗಿ ಅಮೆರಿಕಕ್ಕೆ ಬಂತು. ಬರೆದಾಕೆ ತೀರಿಕೊಂಡು ಆಗಲೇ 39 ವರ್ಷ. ಹಾಡನ್ನು ಮೇಲೆತ್ತಿದ್ದು ಹಾಡಿನದೇ ಕಸುವು.

ಹೆಸರಿನ ಮಾತು ಬಂತು, ದುಡ್ಡಿನ ಮಾತನ್ನೂ ಆಡಿಬಿಡುತ್ತೇನೆ. ಒಂದು ಹಾಡಿಗೆ ಅವರಿಗೆ ಸಿಗುತ್ತಿದ್ದದ್ದು ಒಂದೋ ಎರಡೋ ಡಾಲರ್. ಹಕ್ಕು ಪೂರ್ತಿ ರಾಗ ಹಾಕಿದವರದು ಅಥವಾ ಪ್ರಕಾಶಕರದು. ಭಕ್ತಿಗೀತೆಗೆ ಬರುವ ಮುಂಚೆ ಜಾರ್ಜ್ ರೂಟ್ ಎಂಬ ಸಂಗೀತಗಾರರಿಗೂ ಹಾಡು ಬರೆದುಕೊಟ್ಟಿದ್ದರು. ಅವುಗಳಲ್ಲೊಂದಾದ 'ರೊಸಾಲಿ, ದ ಪ್ರೇರಿ ಫ್ಲವರ್' ಹಾಡಿನಿಂದ ರೂಟ್‌ಗೆ ಬಂದ ಗೌರವಧನ 3000 ಡಾಲರಿನ ಹತ್ತಿರ. ಮಾತು ಕೊಟ್ಟವರಿಗೆ ಅದೇ ಪುಡಿಗಾಸು. ಕ್ರಾಸ್ಬಿ ಇದನ್ನು ದೂರುತ್ತ ಕೂರಲಿಲ್ಲ, ಕೈಗೆ ಬಂದದ್ದನ್ನೂ ಹಂಚಿಬಿಡುತ್ತಿದ್ದರು. ಅವರು ದೂರಲಿಲ್ಲವೆಂದು ಅನ್ಯಾಯ ನ್ಯಾಯವಾಗುತ್ತದಾ? ಒಮ್ಮೆ ತುರ್ತಾಗಿ ಐದು ಡಾಲರ್ ಬೇಕಾಗಿ, ಎಲ್ಲಿಂದ ತರಲಿ ಎಂದು ಪ್ರಾರ್ಥಿಸುತ್ತಿದ್ದಾಗ ಗುರುತಿಲ್ಲದವರೊಬ್ಬರು ಬಂದು ಅಷ್ಟನ್ನೇ ಕೈಯಲ್ಲಿಟ್ಟು ಹೋದರು, ಆ ಸಂತೋಷದಲ್ಲಿ 'ಆಲ್ ದ ವೇ ಮೈ ಸೇವಿಯರ್ ಲೀಡ್ಸ್ ಮಿ' ಬರೆದರು ಎಂಬ ಕಥೆಯನ್ನು ಭಕ್ತರು ಕಣ್ಣರಳಿಸಿ ಹೇಳುತ್ತಾರೆ. ನನಗೂ ಆ ಕಥೆ ಇಷ್ಟ. ಆದರೆ ದೇಶವೆಲ್ಲ ಹಾಡುತ್ತಿದ್ದ ಹಾಡುಗಳನ್ನು ಬರೆದವರ ಕೈಯಲ್ಲಿ ಐದು ಡಾಲರ್ ಯಾಕಿರಲಿಲ್ಲ ಎಂದೂ ಯಾರಾದರೂ ಕೇಳಬೇಕಲ್ವಾ?

ಇದು ಅವರೊಬ್ಬರ ಪಾಡೂ ಅಲ್ಲ. ಇಂಗ್ಲೆಂಡಿನ ಆ್ಯನ್ ಸ್ಟೀಲ್ 1760ರಲ್ಲಿ ತಮ್ಮ ಭಕ್ತಿಕವಿತೆಗಳ ಪುಸ್ತಕ ತಂದಾಗ ಹೆಸರು ಹಾಕಿಕೊಂಡದ್ದು 'ಥಿಯೊಡೋಷಿಯಾ' ಎಂದು. ಕಾಯಿಲೆಯಿಂದ ಮನೆಯಲ್ಲೇ ಉಳಿದ ಷಾರ್ಲೆಟ್ ಎಲಿಯಟ್ 'ಜಸ್ಟ್ ಆ್ಯಸ್ ಐ ಆ್ಯಮ್' ಬರೆದರು. ತಮ್ಮ ಇಷ್ಟು ವರ್ಷದ ಬೋಧನೆಗಿಂತ ಅಕ್ಕನ ಈ ಒಂದು ಹಾಡು ಹೆಚ್ಚು ಕೆಲಸ ಮಾಡಿದೆ ಎಂದು ಪಾದ್ರಿಯಾಗಿದ್ದ ತಮ್ಮನೇ ಒಪ್ಪಿಕೊಂಡರು. ಬೋಧಿಸುವ ಪೀಠ ಆಗ ಹೆಂಗಸರಿಗಿರಲಿಲ್ಲ. ಹಾಡಿನ ಮೂಲಕ ಅವರು ಇಡೀ ಸಭೆಯ ಬಾಯಲ್ಲಿ ಮಾತಾಡಿದರು. ಆ ಬರಹವನ್ನು 'ಭಾವುಕ', 'ಸರಳ' ಎಂದು ಬದಿಗೆ ಸರಿಸುವುದರಲ್ಲಿ ಗಂಡಸರ ಪಾಂಡಿತ್ಯದ ಹಮ್ಮು ಸ್ವಲ್ಪವೂ ಇಲ್ಲ ಎಂದು ನನಗೆ ಅನ್ನಿಸುವುದಿಲ್ಲ.

ನನ್ನ ಮೇಜಿನ ಮೇಲೆ ಒಂದು ಇಂಗ್ಲಿಷ್ ಹಾಡುಪುಸ್ತಕವಿದೆ. ಪುಟದ ನೆತ್ತಿಯಲ್ಲಿ ಎಡಕ್ಕೆ ಬರೆದವರ ಹೆಸರು, ಬಲಕ್ಕೆ ರಾಗ ಹಾಕಿದವರದು, ಎರಡೂ ಇರುವೆಯಷ್ಟು ಸಣ್ಣಕ್ಕೆ. ಅಷ್ಟಾದರೂ ಇತ್ತು. ಈಗ ಹಾಡು ಪರದೆಯ ಮೇಲೆ ಮೂಡುತ್ತದೆ, ಎಷ್ಟೋ ಕಡೆ ಆ ಸಣ್ಣಕ್ಷರವೂ ಇಲ್ಲ. ಭಕ್ತಿಗೀತೆಯಿರಲಿ, ಭಾವಗೀತೆಯಿರಲಿ, ಸಿನಿಮಾ ಹಾಡಿರಲಿ, ಹಾಡಿದವರ ಹೆಸರು ಎಲ್ಲರಿಗೂ ಗೊತ್ತು. ಸಾಹಿತ್ಯ ಯಾರದು ಎಂದರೆ ತಡವರಿಸುತ್ತಾರೆ. ಈ ವಿಷಯದಲ್ಲಿ ನನಗೆ ಸಹನೆ ಕಡಿಮೆ.

ಕ್ರಾಸ್ಬಿ 1915ರ ಫೆಬ್ರವರಿ 12ರಂದು ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್‌ನಲ್ಲಿ ತೀರಿಕೊಂಡರು. ಅವರ ಸಮಾಧಿಗೆ ಇಟ್ಟದ್ದು ಪುಟ್ಟ ಕಲ್ಲು. 'ಆಂಟ್ ಫ್ಯಾನಿ' ಎಂದೂ, ತನ್ನಿಂದಾದದ್ದನ್ನು ಮಾಡಿದಳು ಎಂಬ ಸುವಾರ್ತೆಯ ಮಾತೂ ಅದರ ಮೇಲಿದ್ದವು. ದೊಡ್ಡ ಕಲ್ಲು ನಿಂತದ್ದು 1955ರಲ್ಲಿ.

ಆರು ಪುಟ ಜಾಸ್ತಿಯಾಯಿತು ಎಂದು ಈಗಲೂ ಅನ್ನಿಸಿದರೆ ಇನ್ನೊಂದು ಪತ್ರ ಬರೆಯಿರಿ, ಅದನ್ನೂ ಹಾಕುತ್ತೇನೆ. ಆದರೆ ಅದಕ್ಕೂ ಮುಂಚೆ 'ಪಾಸ್ ಮಿ ನಾಟ್' ಹಾಡನ್ನು ನಾಲ್ಕು ಜನ ಸೇರಿಕೊಂಡು ದನಿ ಎತ್ತಿ ಹಾಡಿ. ಮುಂದಿನ ಸಂಚಿಕೆಯಿಂದ ಈ ಪತ್ರಿಕೆಯಲ್ಲಿ ಯಾವ ಹಾಡು ಅಚ್ಚಾದರೂ ಬರೆದವರ ಹೆಸರು ಶೀರ್ಷಿಕೆಯ ಕೆಳಗೇ, ದಪ್ಪಕ್ಷರದಲ್ಲಿ ಇರುತ್ತದೆ.