ಇಡದ ಹೆಜ್ಜೆಗೆ ಬಂದ ಅಭಿನಂದನೆ

ಸುಳ್ಳು ಹೇಳಿಬಿಟ್ಟೆ, ಈಗ ಏನು ಮಾಡಲಿ ಎಂದು ಕೇಳುವ ಪತ್ರಗಳು ಈ ಅಂಕಣಕ್ಕೆ ಹೊಸದಲ್ಲ. ಗಂಡನಿಗೆ ಹೇಳಿದ್ದು, ಅತ್ತೆಗೆ ಹೇಳಿದ್ದು, ಆಫೀಸಿನಲ್ಲಿ ಹೇಳಿದ್ದು, ಎಲ್ಲ ಬಂದಿವೆ. ಆದರೆ ಹನ್ನೊಂದು ತಿಂಗಳ ಮಗುವಿನ ಪರವಾಗಿ ಹೇಳಿದ ಸುಳ್ಳು ಬಂದಿದ್ದು ಇದೇ ಮೊದಲು. ಓದುತ್ತಾ ಮೊದಲು ನಗು ಬಂತು. ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಸಿಟ್ಟು ಬಂತು. ಸಿಟ್ಟು ಬರೆದವರ ಮೇಲಲ್ಲ. ಯಾರ ಮೇಲೆ ಎಂದು ಆಮೇಲೆ ಹೇಳುತ್ತೇನೆ.

ಪತ್ರದ ಸಾರ ಇಷ್ಟು. ಇವರಿಗೆ ಹನ್ನೊಂದು ತಿಂಗಳ ಮಗ. ಇವರ ಅಕ್ಕನಿಗೆ ಅದಕ್ಕಿಂತ ಎರಡು ವಾರ ದೊಡ್ಡ ಮಗಳು. ಅಕ್ಕನ ಮಗಳು ಎಲ್ಲದರಲ್ಲೂ ಮುಂದು. ಮೊದಲು ಮಗುಚಿದ್ದು ಅವಳು, ಮೊದಲು ಕೂತಿದ್ದು ಅವಳು, ಏಳನೇ ತಿಂಗಳಿಗೇ ಅಂಬೆಗಾಲು. ಒಂದೊಂದಕ್ಕೂ ಫ್ಯಾಮಿಲಿ ಗ್ರೂಪಿನಲ್ಲಿ ವಿಡಿಯೋ, ಒಂದೊಂದಕ್ಕೂ ಮೂವತ್ತು ಚಪ್ಪಾಳೆ. ಕಳೆದ ತಿಂಗಳು ಒಬ್ಬ ಚಿಕ್ಕಮ್ಮ ಎಲ್ಲರೆದುರು ಕೇಳಿದರಂತೆ, 'ನಿನ್ನ ಮಗ ಎಲ್ಲಿಗೆ ಬಂದ?' ಅಂತ. ಇವರು ತಡೆಯಲಾರದೆ ಟೈಪ್ ಮಾಡಿದರು: 'ನಿನ್ನೆ ಎರಡು ಹೆಜ್ಜೆ ಇಟ್ಟ!' ಅಭಿನಂದನೆಗಳು ಸುರಿದವು. ಮಗು ಹೆಜ್ಜೆ ಇಟ್ಟಿರಲಿಲ್ಲ. ಈಗಲೂ ಇಟ್ಟಿಲ್ಲ. ಸೋಫಾ ಹಿಡಿದು ಎದ್ದು ನಿಲ್ಲುತ್ತದೆ, ಹಿಡಿದುಕೊಂಡೇ ಪಕ್ಕಕ್ಕೆ ಸರಿಯುತ್ತದೆ, ಕೈ ಬಿಡಿಸಿದರೆ ದೊಪ್ಪನೆ ಕೂರುತ್ತದೆ. ಮುಂದಿನ ತಿಂಗಳು ಮೊದಲ ಹುಟ್ಟುಹಬ್ಬ. ಎಲ್ಲರೂ ಬರುತ್ತಾರೆ. 'ಮಗುವಿಗೆ ಜ್ವರ ಅಂತ ಹೇಳಿ ಮುಂದೂಡಲಾ? ನನ್ನ ಮಗ ನಿಜವಾಗಿಯೂ ನಿಧಾನವಾ?' ಇವು ಅವರ ಎರಡು ಪ್ರಶ್ನೆಗಳು.

ಇವಕ್ಕಿಂತ ಮೊದಲು, ಅಮ್ಮಾ, ನೀವು ಹೋಗುವ ದಾರಿಯಲ್ಲಿ ಉದುರಿಸಿ ಹೋದ ಒಂದು ಮಾತನ್ನು ಎತ್ತಿಕೊಳ್ಳುತ್ತೇನೆ. ಪತ್ರದ ಕೊನೆಗೆ ಹೀಗೆ ಬರೆದಿದ್ದೀರಿ: 'ಉಳಿದಂತೆ ಎಲ್ಲ ಮಾಮೂಲಿ. ಫ್ಯಾನು, ಗಡಿಯಾರ, ಕಿಟಕಿಯಾಚೆ ಹಕ್ಕಿ, ಏನು ಕಂಡರೂ ಬೆರಳು ಮಾಡಿ ತೋರಿಸುತ್ತಾನೆ, ತಿರುಗಿ ನನ್ನ ಮುಖ ನೋಡುತ್ತಾನೆ. ದಿನವಿಡೀ ಇದೇ, ಸಾಕಾಗಿಬಿಡುತ್ತೆ.'

ಮಾಮೂಲಿಯಾ? ಎರಡು ಪುಟದ ಪತ್ರದಲ್ಲಿ ನನ್ನನ್ನು ಕುರ್ಚಿಯಲ್ಲಿ ನೆಟ್ಟಗೆ ಕೂರಿಸಿದ ಸಾಲು ಅದೊಂದೇ.

ಫ್ಯಾನು ಬೇಕು ಎಂದು ಅವನು ಕೇಳುತ್ತಿಲ್ಲ. ಹಕ್ಕಿಯನ್ನು ಹಿಡಿದುಕೊಡು ಎನ್ನುತ್ತಿಲ್ಲ. ಹಾಗಿದ್ದರೆ ಕೈ ಚಾಚುತ್ತಿದ್ದ, ಅಳುತ್ತಿದ್ದ. ಅವನು ತೋರಿಸುತ್ತಿದ್ದಾನೆ, ಅಷ್ಟೇ. ತೋರಿಸಿ ನಿಮ್ಮ ಮುಖ ನೋಡುವುದು ಯಾಕೆ? ನೀವೂ ನೋಡಿದಿರಾ ಎಂದು ತಿಳಿದುಕೊಳ್ಳಲು. ಒಂದು ವರ್ಷ ತುಂಬದ ಜೀವಕ್ಕೆ ಇಷ್ಟು ಅರ್ಥವಾಗಿದೆ ನೋಡಿ: ನಾನು ನೋಡುತ್ತಿರುವುದನ್ನು ಅಮ್ಮ ನೋಡದೇ ಇರಬಹುದು, ನಾನು ತೋರಿಸಿದರೆ ಅವಳು ನೋಡುತ್ತಾಳೆ, ಇಬ್ಬರೂ ಸೇರಿ ನೋಡಿದರೆ ಖುಷಿ ಜಾಸ್ತಿ. ಕೆಲವು ತಿಂಗಳ ಹಿಂದೆ ನೀವು ಹಕ್ಕಿ ತೋರಿಸಿದ್ದರೆ ಅವನು ಹಕ್ಕಿಯನ್ನಲ್ಲ, ನಿಮ್ಮ ಬೆರಳ ತುದಿಯನ್ನೇ ನೋಡುತ್ತಿದ್ದ. ಅಲ್ಲಿಂದ ಇಲ್ಲಿಗೆ ಬಂದಿದ್ದಾನೆ. ಇದಕ್ಕೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಯಾಕೆಂದರೆ ಇದು ವಿಡಿಯೋದಲ್ಲಿ ಚೆನ್ನಾಗಿ ಬರುವುದಿಲ್ಲ. ಒಂದು ಮಗು ಗೋಡೆಯ ಕಡೆ ಬೆರಳು ಮಾಡಿದೆ, ಅದರಲ್ಲೇನಿದೆ ಅನ್ನುತ್ತಾರೆ.

ಮಾತು ಶುರುವಾಗುವುದೂ ಈ ಬೆರಳಿನಿಂದಲೇ. ಅವನ ಗಮನ ಆಗಲೇ ಹಕ್ಕಿಯ ಮೇಲಿದೆ, ಆ ಕ್ಷಣಕ್ಕೆ ನೀವು 'ಹಕ್ಕಿ' ಎಂದರೆ ಆ ಶಬ್ದ ಸರಿಯಾದ ಜಾಗಕ್ಕೆ ಹೋಗಿ ಕೂರುತ್ತದೆ. ನೀವು ಚಿತ್ರದ ಕಾರ್ಡು ಹಿಡಿದು ಇಪ್ಪತ್ತು ಸಲ ಹೇಳಿದರೂ ಅಷ್ಟು ಸುಲಭಕ್ಕೆ ಕೂರುವುದಿಲ್ಲ. ಬೆರಳು ಮಾಡಿ ತೋರಿಸುವುದಕ್ಕೂ ಮುಂದೆ ಮಾತು ಬೆಳೆಯುವುದಕ್ಕೂ ನಂಟಿದೆ ಎಂದು ಮಕ್ಕಳನ್ನು ಅಧ್ಯಯನ ಮಾಡುವವರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಇನ್ನೊಂದು ಮಾತು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ ಮಕ್ಕಳ ಬೆಳವಣಿಗೆಯ ಪಟ್ಟಿಯನ್ನು 2022ರಲ್ಲಿ ಹೊಸದಾಗಿ ಬರೆಯಿತು. ನೂರರಲ್ಲಿ ಎಪ್ಪತ್ತೈದು ಅಥವಾ ಅದಕ್ಕಿಂತ ಹೆಚ್ಚು ಮಕ್ಕಳು ಯಾವ ವಯಸ್ಸಿಗೆ ಏನು ಮಾಡುತ್ತವೆ ಎಂಬ ಲೆಕ್ಕ ಅದು. ಬೇಕಾದ್ದನ್ನು ಬೆರಳು ಮಾಡಿ ಕೇಳುವುದು ಅದರಲ್ಲಿ 15ನೇ ತಿಂಗಳಿಗಿದೆ. ಸುಮ್ನೆ ತೋರಿಸುವ ಖುಷಿಗೆ ತೋರಿಸುವುದು 18ನೇ ತಿಂಗಳಿಗಿದೆ. ನಿಮ್ಮ ಮಗ ಹನ್ನೊಂದಕ್ಕೇ ಮಾಡಿ ನಿಮಗೆ ಸಾಕುಸಾಕಾಗಿಸಿದ್ದಾನೆ.

ದಯವಿಟ್ಟು ಇದನ್ನೂ ಗ್ರೂಪಿಗೆ ಹಾಕಬೇಡಿ. ನಾಳೆಯಿಂದ ಬೆರಳಿನ ಪಂದ್ಯ ಶುರುವಾಗುತ್ತದೆ.

ಈ ಅಂಕಣ ಓದುವವರಿಗೆ ಫ್ಯಾಮಿಲಿ ಗ್ರೂಪಿನ ಬಗ್ಗೆ ನನ್ನ ಅಭಿಪ್ರಾಯ ಬಾಯಿಪಾಠವಾಗಿರಬೇಕು. ಮತ್ತೆ ಹೇಳುತ್ತೇನೆ, ಬೇಜಾರಿಲ್ಲ. ಮಗುವಿನ ಮೊದಲ ವರ್ಷಕ್ಕೆ ಇಷ್ಟು ಜನ ಪ್ರೇಕ್ಷಕರು ಬೇಕಿಲ್ಲ. ಮಗು ಮೊದಲ ಸಲ ಗುರುತು ಹಿಡಿದು ನಗುತ್ತದೆ, ಎರಡನೇ ತಿಂಗಳ ಹೊತ್ತಿಗೆ. ಆಗ ಅದರ ಎದುರು ಒಂದು ಮುಖ ಇರಬೇಕು, ಫೋನಿನ ಹಿಂಬದಿ ಅಲ್ಲ. ಒಂಬತ್ತನೇ ತಿಂಗಳ ಸುಮಾರಿಗೆ ಹೊಸಬರನ್ನು ಕಂಡರೆ ಮುಖ ಮುಚ್ಚಿಕೊಂಡು ಅಳುತ್ತದೆ, ಅಮ್ಮ ಕೋಣೆಯಿಂದ ಹೋದರೆ ರಂಪ ಮಾಡುತ್ತದೆ. ನನ್ನವರು ಯಾರು ಎಂದು ಅದಕ್ಕೆ ಗಟ್ಟಿಯಾಗಿ ಗೊತ್ತಾಗಿದೆ ಎಂದರ್ಥ. ಅದೂ ಒಂದು ಮೈಲಿಗಲ್ಲೇ. ಆದರೆ ಅದರ ವಿಡಿಯೋ ಯಾರೂ ಹಾಕುವುದಿಲ್ಲ, 'ಮಗು ಹಠಮಾರಿ' ಎಂದು ಹೇಳಿ ಮುಗಿಸುತ್ತಾರೆ. ಗ್ರೂಪಿಗೆ ಹೋಗುವುದು ಬರೀ ಕಾಲಿನ ಸುದ್ದಿ. ಮಗುಚಿತು, ಕೂತಿತು, ಹರಿಯಿತು, ನಿಂತಿತು, ನಡೆಯಿತು.

ಸರಿ, ಕಾಲಿನ ಸುದ್ದಿಗೇ ಬರೋಣ. ನಿಮ್ಮ ಮಗ ನಿಧಾನ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳ 816 ಆರೋಗ್ಯವಂತ ಮಕ್ಕಳನ್ನು ಮತ್ತೆ ಮತ್ತೆ ನೋಡಿ 2006ರಲ್ಲಿ ಲೆಕ್ಕ ಪ್ರಕಟಿಸಿತು. ಯಾರ ಆಸರೆಯೂ ಇಲ್ಲದೆ ನಡೆಯುವ ವಯಸ್ಸು 8.2 ತಿಂಗಳಿಂದ 17.6 ತಿಂಗಳವರೆಗೆ ಹರಡಿಕೊಂಡಿತ್ತು. ಒಂಬತ್ತು ತಿಂಗಳಿಗೂ ಹೆಚ್ಚಿನ ಅಂತರ! ಎಂಟಕ್ಕೆ ನಡೆದ ಮಗುವೂ ಸರಿ, ಹದಿನೇಳಕ್ಕೆ ನಡೆದ ಮಗುವೂ ಸರಿ. ಬೇಗ ನಡೆದವರೇ ಮುಂದೆ ಜಾಣರಾಗುತ್ತಾರೆ ಎಂದೇನೂ ಇಲ್ಲ. ಅದೇ ಅಧ್ಯಯನದಲ್ಲಿ ನೂರಕ್ಕೆ ಸುಮಾರು ನಾಲ್ಕು ಮಕ್ಕಳು ಕೈ ಮಂಡಿ ಊರಿ ಹರಿಯಲೇ ಇಲ್ಲ, ಅದನ್ನು ದಾಟಿ ಮುಂದಕ್ಕೆ ಹೋದರು. ನಾನು ಹೇಳಿದ 2022ರ ಪಟ್ಟಿಯಲ್ಲಂತೂ ಅಂಬೆಗಾಲನ್ನೇ ಕೈಬಿಟ್ಟಿದ್ದಾರೆ. ಏಳನೇ ತಿಂಗಳಿಗೆ ಅಕ್ಕನ ಮಗಳು ಅಂಬೆಗಾಲಿಟ್ಟಳೆಂದು ನೀವು ಎಷ್ಟು ರಾತ್ರಿ ನಿದ್ದೆಗೆಟ್ಟಿರೋ, ಪಾಪ.

ಸೋಫಾ ಹಿಡಿದು ಪಕ್ಕಕ್ಕೆ ಸರಿಯುವ ಮಗು ನಡೆಯುವ ಕೆಲಸವನ್ನೇ ಮಾಡುತ್ತಿದೆ. ಒಂದು ಕಾಲಿನ ಮೇಲೆ ಭಾರ ಹಾಕಿ ಇನ್ನೊಂದನ್ನು ಎತ್ತುವುದು ಅಲ್ಲೇ ಕಲಿಯುವುದು. ಹಾಗಂತ ಏನಾದರೂ ಬಿಡಿ ಎಂದು ಹೇಳುವವಳೂ ನಾನಲ್ಲ. ಒಂದು ವರ್ಷವಾದರೂ ಹಿಡಿದುಕೊಂಡು ನಿಲ್ಲುವುದಿಲ್ಲ, 18 ತಿಂಗಳಾದರೂ ನಡೆಯುವುದಿಲ್ಲ, ಯಾವಾಗಲೂ ಒಂದೇ ಕಡೆಯ ಕೈಕಾಲು ಬಳಸುತ್ತದೆ, ಮೈ ತುಂಬಾ ಬಿಗಿ ಅಥವಾ ತುಂಬಾ ಸಡಿಲ, ಅಥವಾ ಬರುತ್ತಿದ್ದದ್ದು ಮರೆತುಹೋಯಿತು ಎಂದರೆ ತಡ ಮಾಡದೆ ಮಕ್ಕಳ ಡಾಕ್ಟರ ಹತ್ತಿರ ಹೋಗಬೇಕು. ಅವಧಿಗೆ ಮೊದಲೇ ಹುಟ್ಟಿದ ಮಗುವಾದರೆ ಅಷ್ಟು ವಾರ ಕಳೆದು ವಯಸ್ಸು ಲೆಕ್ಕ ಹಾಕಬೇಕು. ನೀವು ಬರೆದಿದ್ದರಲ್ಲಿ ಇಂಥದ್ದು ಒಂದೂ ಇಲ್ಲ.

ಈಗ ಸಿಟ್ಟಿನ ವಿಷಯ. ನೀವು ಚಿಕ್ಕಮ್ಮನನ್ನು ಬೈದಿದ್ದೀರಿ, ಅಕ್ಕನನ್ನು ಬೈದಿದ್ದೀರಿ, ನಿಮ್ಮನ್ನೇ ಬೈದುಕೊಂಡಿದ್ದೀರಿ. ನಿಮ್ಮ ಯಜಮಾನರ ಬಗ್ಗೆ ಮಾತ್ರ 'ಅವರು ತುಂಬಾ ಸಪೋರ್ಟ್ ಮಾಡ್ತಾರೆ' ಎಂದಿದ್ದೀರಿ. ಆ ಸಪೋರ್ಟ್ ಯಾವುದು ಅಂತ ನೋಡಿದೆ. ಸುಳ್ಳೆಂದು ಗೊತ್ತಿದ್ದೂ ನಿಮ್ಮ ಮೆಸೇಜಿಗೆ ಮೊದಲ ಹೃದಯದ ಚಿಹ್ನೆ ಹಾಕಿದವರು ಅವರು. 'ಬಿಡು, ಹುಟ್ಟುಹಬ್ಬದೊಳಗೆ ನಡೆಸಿಬಿಡೋಣ' ಎಂದವರು ಅವರು. ಮಾರನೇ ದಿನವೇ ವಾಕರ್ ತಂದವರೂ ಅವರೇ. ಸಂಜೆ ಆಫೀಸಿನಿಂದ ಬಂದು ಮಗುವಿನ ಎರಡೂ ಕೈ ಮೇಲೆತ್ತಿ ಹಿಡಿದು ಹಾಲಿನಲ್ಲಿ ಹತ್ತು ಸುತ್ತು ನಡೆಸುತ್ತಾರಂತೆ. ಮಗು ಕೈ ಬಿಡಿಸಿಕೊಂಡು ಗಡಿಯಾರ ತೋರಿಸಲು ನೋಡಿದರೆ 'ಆಮೇಲೆ, ಆಮೇಲೆ' ಎನ್ನುತ್ತಾರಂತೆ. ಇದನ್ನು ನೀವೇ ಬರೆದಿದ್ದೀರಿ, ಅದೂ ಮೆಚ್ಚುಗೆಯಿಂದ!

ಹೆಂಡತಿ ಹೆದರಿ ಒಂದು ಸುಳ್ಳು ಹೇಳಿದಾಗ ಗಂಡ ಮಾಡಬೇಕಾದ ಕೆಲಸ ಆ ಸುಳ್ಳನ್ನು ನಿಜ ಮಾಡಲು ಮಗುವಿಗೆ ಗಡುವು ಕೊಡುವುದಲ್ಲ. ಹೆಂಡತಿ ಯಾಕೆ ಹೆದರಿದಳು ಎಂದು ಕೇಳುವುದು. ವಾಕರ್ ವಿಷಯದಲ್ಲಿ ನನಗೆ ರಾಜಿ ಇಲ್ಲ. ಅದು ನಡಿಗೆ ಕಲಿಸುವುದಿಲ್ಲ. ಚಕ್ರದ ಮೇಲೆ ತೂಗಿಕೊಂಡ ಮಗುವಿಗೆ ಸಮತೋಲನ ಕಲಿಯುವ ಅಗತ್ಯವೇ ಬೀಳುವುದಿಲ್ಲ. ಬದಲಿಗೆ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮೆಟ್ಟಿಲ ಹತ್ತಿರ ಹೋಗಿರುತ್ತದೆ, ಬಿಸಿ ಪಾತ್ರೆಗೆ ಕೈ ಎಟುಕಿಸಿಕೊಂಡಿರುತ್ತದೆ. ಪಕ್ಕದಲ್ಲಿ ದೊಡ್ಡವರಿದ್ದರೂ ಹಿಡಿಯಲು ಆಗುವುದಿಲ್ಲ. ಕೆನಡಾ ದೇಶ ಇದರ ಮಾರಾಟವನ್ನೇ 2004ರಲ್ಲಿ ನಿಷೇಧಿಸಿತು. ನಿಮ್ಮ ಮನೆಯಲ್ಲಿ ಇವತ್ತು ನಿಷೇಧಿಸಿ. ಯಾರಿಗೂ ದಾನ ಕೊಡಬೇಡಿ, ಇನ್ನೊಂದು ಮಗು ಅದರಲ್ಲಿ ಕೂರುತ್ತದೆ. ನೆಲದ ಮೇಲೆ ಬರಿಗಾಲಲ್ಲಿ ಬಿಡಿ, ಬಿದ್ದರೆ ಏಳುತ್ತಾನೆ.

ಇನ್ನು ಅಕ್ಕ. ಅಕ್ಕನ ಬಗ್ಗೆ ಒಂದಿಡೀ ಪುಟ ಬರೆದಿದ್ದೀರಿ. ಅದರಲ್ಲಿ ಅವಳು ನಿಮಗೆ ಮಾಡಿದ ತಪ್ಪು ಯಾವುದು ಎಂದು ಎರಡು ಸಲ ಹುಡುಕಿದೆ. ಸಿಗಲಿಲ್ಲ. ಮಗಳ ವಿಡಿಯೋ ಹಾಕಿದಳು, ಅಷ್ಟೇ. ನನಗೆ ಇಷ್ಟವಾಗದ ಅಭ್ಯಾಸ ಅದು, ಆದರೆ ದ್ರೋಹವಲ್ಲ. ಬದಲಿಗೆ ನಿಮ್ಮ ಸುಳ್ಳಿನ ರಾತ್ರಿ ಅವಳು ನಿಮಗೊಬ್ಬಳಿಗೇ ಕಳಿಸಿದ ಮೆಸೇಜನ್ನು ನೀವೇ ಬರೆದು ತೋರಿಸಿದ್ದೀರಿ: 'ನಮ್ಮವಳು ಇನ್ನೂ ಕೈ ಬಿಟ್ಟು ನಿಲ್ತಿಲ್ಲ ಕಣೇ. ಡಾಕ್ಟರಿಗೆ ತೋರಿಸಲಾ?' ಅದಕ್ಕೆ ನೀವು ಉತ್ತರ ಕೊಟ್ಟಿಲ್ಲ. ಮೂರು ವಾರ ಆಯಿತಂತೆ.

ಗೊತ್ತಾಯಿತಲ್ಲ? ಹನ್ನೊಂದು ತಿಂಗಳು ನೀವು ಪಟ್ಟ ಪಾಡನ್ನು ಮೂರು ವಾರದಿಂದ ಅವಳು ಪಡುತ್ತಿದ್ದಾಳೆ. ಅದೂ ಯಾರೂ ಇಡದ ಎರಡು ಹೆಜ್ಜೆಗಾಗಿ. ಅವಳ ಮಗಳಿಗೂ ಏನೂ ಆಗಿಲ್ಲ, ನಿಮ್ಮ ಮಗನಷ್ಟೇ ಸರಿಯಾಗಿದ್ದಾಳೆ. ಅವಳಿಗದು ಗೊತ್ತಿಲ್ಲ, ಯಾಕೆಂದರೆ ಅಳೆಯಲು ಅವಳ ಕೈಗೆ ಸಿಕ್ಕಿದ್ದು ನಿಮ್ಮ ಸುಳ್ಳು.

ಹಾಗಾಗಿ ಹುಟ್ಟುಹಬ್ಬ ಮುಂದೂಡುವುದು, ಜ್ವರದ ಕತೆ ಕಟ್ಟುವುದು, ಗ್ರೂಪಿನಲ್ಲಿ ಕ್ಷಮೆ ಕೇಳುವುದು ಯಾವುದೂ ಬೇಡ. ಗ್ರೂಪಿಗೆ ನೀವು ಏನನ್ನೂ ಕೊಡಬೇಕಾಗಿಲ್ಲ. ಚಿಕ್ಕಮ್ಮ ಹುಟ್ಟುಹಬ್ಬದ ದಿನ 'ಎಲ್ಲಿ, ನಡೆಸು ನೋಡೋಣ' ಎಂದರೆ 'ಇನ್ನೂ ನಡೆಯಲ್ಲ' ಎಂದು ಹೇಳಿ ಬೇರೆಯವರನ್ನು ಮಾತಾಡಿಸಲು ಹೋಗಿ. ಹೊಸಬರ ಗುಂಪು ಕಂಡು ಮಗು ಅಷ್ಟರಲ್ಲಿ ಅಳಲು ಶುರು ಮಾಡಿರುತ್ತದೆ, ಯಾರಿಗೂ ಹೆಜ್ಜೆಯ ನೆನಪು ಇರುವುದಿಲ್ಲ.

ಮಾಡಬೇಕಾದ್ದು ಒಂದೇ. ಅಕ್ಕನಿಗೆ ಫೋನ್ ಮಾಡಿ. ಮೆಸೇಜ್ ಅಲ್ಲ, ಫೋನ್. ಇವತ್ತೇ, ಇದನ್ನು ಓದಿ ಮುಗಿಸಿದ ಕೂಡಲೇ. 'ಅವನು ನಡೆದಿಲ್ಲ ಕಣೇ, ಹೊಟ್ಟೆಕಿಚ್ಚಿಗೆ ಸುಳ್ಳು ಹೇಳಿದೆ' ಎನ್ನಿ. ಹೊಟ್ಟೆಕಿಚ್ಚು ಎಂಬ ಮಾತನ್ನು ನುಂಗಬೇಡಿ. ಅವಳು ಸಿಟ್ಟಾಗಬಹುದು, ನಗಬಹುದು, ಅಳಬಹುದು. ಮೂರಕ್ಕೂ ಸುಮ್ಮನಿರಿ. ಡಾಕ್ಟರ ಪ್ರಶ್ನೆಗೆ ಮೇಲೆ ಬರೆದಿದ್ದನ್ನು ಓದಿ ಹೇಳಿ. ಮಧ್ಯದಲ್ಲಿ ನಿಮ್ಮ ಮಗ ಏನನ್ನೋ ತೋರಿಸಲು ಬಂದರೆ 'ಒಂದು ನಿಮಿಷ ತಾಳು' ಎಂದು ಅಕ್ಕನಿಗೆ ಹೇಳಿ, ಅವನಿಗಲ್ಲ.